ಒಣಗಿದ ಎಲೆಯಿಂದ ಮತ್ತೆ ಜಿಂಕೆಕೊಂಬು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನರ್ಸರಿಯ ಹಿಂಬದಿ, ಹಸಿರು ಬಲೆಯ ಚಪ್ಪರದಡಿ ಒಬ್ಬ ಹೆಂಗಸು ಸಾಲು ಹಲಗೆಗಳಿಗೆ ನೀರು ಚಿಮುಕಿಸುತ್ತಿದ್ದಾರೆ. ಕುಂಡವಿಲ್ಲ, ಮಣ್ಣಿಲ್ಲ. ಹಲಗೆಗೆ ಬಿಗಿದ ತೆಂಗಿನ ನಾರನ್ನು ಕಚ್ಚಿಕೊಂಡ ಗಿಡಗಳು ಕವಲೊಡೆದ ಎಲೆಗಳನ್ನು ಜಿಂಕೆಯ ಕೊಂಬಿನಂತೆ ಚಾಚಿವೆ. ಇದು ಜಿಂಕೆಕೊಂಬು ಜರೀಗಿಡ. ಇದನ್ನು ಬೆಳೆಸುವ ಇವರು ಎಲ್ಲರ ಬಾಯಲ್ಲೂ ಜರೀಗಿಡದಕ್ಕ.

"ಬುಡದಲ್ಲಿ ನೀರು ನಿಂತ್ರೆ ಕೊಳೆತುಹೋಗುತ್ತೆ. ಕಾಡಲ್ಲಿ ಇದು ಮರದ ಮೇಲೆ ಇರೋದು. ಹಾಗಂತ ಮರದಿಂದ ಏನೂ ಕಿತ್ಕೊಳ್ಳಲ್ಲ, ಸುಮ್ನೆ ಆತ್ಕೊಂಡಿರುತ್ತೆ. ಮಳೆನೀರು, ಉದುರಿದ ಎಲೆ, ಅಷ್ಟರಲ್ಲೇ ಸಂಸಾರ" ಎನ್ನುತ್ತಾರೆ.

ಮೊದಲ ಗಿಡ ತಂದುಕೊಟ್ಟವರು ಅವರ ಗಂಡ. ಎತ್ತರದ ಮರ ಹತ್ತಿ ಒಣಕೊಂಬೆ ಕಡಿಯುವುದು ಅವರ ಕಸುಬಾಗಿತ್ತು. ಮದುವೆಯಾದ ಹೊಸತು. ಬಿರುಗಾಳಿಗೆ ಉರುಳಿದ ಹೆಮ್ಮರವೊಂದರಿಂದ ಬುಟ್ಟಿಯಗಲದ ಗಿಡ ಬಿಡಿಸಿ ಹೆಗಲ ಮೇಲೆ ಹೊತ್ತು ತಂದರು. "ಹೂವು ತರ್ತಾರೆ ಅಂತ ಕಾಯ್ತಿದ್ರೆ, ಜನ್ಮದಲ್ಲಿ ಹೂವೇ ಬಿಡದ ಗಿಡ ತಂದ್ರು!" ಅಕ್ಕನ ನಗು ಅರ್ಧಕ್ಕೇ ನಿಲ್ಲುತ್ತದೆ.

ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಉಳಿದದ್ದು ಆ ಗಿಡ ಮತ್ತು ಒಬ್ಬಳು ಮಗಳು. ಈ ನರ್ಸರಿಯಲ್ಲಿ ಕೆಲಸಕ್ಕೆ ಸೇರಿದಾಗ ಗಿಡವನ್ನೂ ಇಲ್ಲಿಗೇ ತಂದು ನೇತುಹಾಕಿದರು. ಮಗಳ ಬಾಣಂತನಕ್ಕೆಂದು ಅಕ್ಕ ರಜೆ ಹಾಕಿದ್ದಾಗ, ವಿಷಯ ಗೊತ್ತಿಲ್ಲದ ಹೊಸ ಮಾಲೀಕರು ಗಿಡವನ್ನು ಹೋಟೆಲೊಂದಕ್ಕೆ ಮಾರಿಬಿಟ್ಟರು. ಅಕ್ಕ ಹುಡುಕಿಕೊಂಡು ಹೋದರು. ಎಸಿಯ ಒಣಗಾಳಿಗೆ ಸುರುಟಿದ ಗಿಡ ಹಿತ್ತಲ ಕಸದ ರಾಶಿಯಲ್ಲಿತ್ತು.

"ನಮ್ಮನೆಯವರನ್ನ ಕಳಿಸಿಕೊಟ್ಟ ದಿನ ಅಳು ಬಂದಿರಲಿಲ್ಲ. ಅಲ್ಲಿ ಕೂತು ಅತ್ತೆ."

ಒಂದು ಎಲೆಯ ತುದಿಯ ಅಡಿಯಲ್ಲಿ ಮಾತ್ರ ಕಂದು ಮಖಮಲ್ಲಿನಂಥ ಪುಡಿ ಉಳಿದಿತ್ತು. ಈ ಗಿಡಕ್ಕೆ ಬೀಜವೆಂದರೆ ಅದೇ. ಎಲೆಯನ್ನು ಕಾಗದದಲ್ಲಿ ಸುತ್ತಿ ತಂದರು. ಇಟ್ಟಿಗೆ ಪುಡಿಗೆ ಕುದಿನೀರು ಹೊಯ್ದು, ಆರಿಸಿ, ಮೇಲೆ ಆ ಧೂಳು ಉದುರಿಸಿ ಗಾಜು ಮುಚ್ಚಿದರು. ಮೊದಲ ತಟ್ಟೆಗೆ ಬೂಷ್ಟು ಹಿಡಿಯಿತು. ಎರಡನೆಯದು ತಿಂಗಳುಗಟ್ಟಲೆ ಸುಮ್ಮನಿದ್ದು, ಕೊನೆಗೆ ಪಾಚಿಯಂತೆ ಹಸಿರಾಯಿತು. ಉಗುರಿನಷ್ಟು ಎಲೆ ಏಳಲು ವರ್ಷವೇ ಹಿಡಿಯಿತು.

"ಮಗಳು ಆಡ್ಕೊಳ್ತಾಳೆ. 'ನಾನು ಹುಟ್ಟೋಕೆ ಒಂಬತ್ತು ತಿಂಗಳು ಸಾಕಾಯ್ತಲ್ಲಮ್ಮ, ಇದಕ್ಕೇನು ಇಷ್ಟು ಜಂಬ' ಅಂತ."

ಈಗ ಚಪ್ಪರದ ತುಂಬ ಅದರದೇ ಸಂತತಿ. ಜನ ವರಾಂಡಕ್ಕೆ, ಆಫೀಸಿನ ಗೋಡೆಗೆಂದು ಒಯ್ಯುತ್ತಾರೆ. ಮೂಲೆಯಲ್ಲಿರುವ ದೊಡ್ಡ ಗಿಡವೊಂದನ್ನು ಮಾತ್ರ ಯಾರು ಕೇಳಿದರೂ ಕೊಡುವುದಿಲ್ಲ. ಮಾಲೀಕರೇ ಮುಂದೆ ಬಂದು "ಅದು ಅಕ್ಕನದು" ಎಂದುಬಿಡುತ್ತಾರೆ.

ಅದನ್ನೇನು ಮಾಡುತ್ತೀರಿ ಎಂದು ಕೇಳುತ್ತೇನೆ. ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಒಂದು ದೊಡ್ಡ ಮರದ ಮೇಲೆ ಕಟ್ಟಿಸ್ಬೇಕು, ಕೈಗೆ ಎಟುಕದ ಹಾಗೆ. ಮರ ಹತ್ತೋರು ಯಾರಾದ್ರೂ ಗೊತ್ತಿದ್ರೆ ಹೇಳಿ. ನಮ್ಮನೆಯವರು ಮೇಲಿದ್ದಾಗೆಲ್ಲ ನಾನು ಕೆಳಗೆ ನಿಂತು ಕತ್ತೆತ್ತಿ ನೋಡ್ತಿದ್ದೆ, 'ಹುಷಾರು ರೀ' ಅಂತ. ಈಗ ಮೇಲೆ ನೋಡೋಕೆ ಏನೂ ಇಲ್ಲ, ನೋಡಿ."