ಸುಶೀಲಾಬಾಯಿಯ ಮಂಗಳವಾರಗಳು

ಸುಶೀಲಾಬಾಯಿ ನಮ್ಮ ಮನೆಗೆ ಬಂದ ಕೂಡಲೆ ಮಾಡುತ್ತಿದ್ದ ಮೊದಲ ಕೆಲಸವೆಂದರೆ ನನ್ನನ್ನು ಹೊರಗೆ ಹಾಕುವುದು. ಚಪ್ಪಲಿ ಬಿಟ್ಟು, ಕೊಡೆಯನ್ನು ಗೂಟಕ್ಕೆ ತಗುಲಿಸಿ, “ನೀ ಇನ್ನೂ ಇಲ್ಲೇ ಅದೀಯೇನ?” ಎನ್ನುತ್ತಿದ್ದರು. ನಾನು ಆ ಮನೆಯ ಸೊಸೆಯಾಗಿ ಒಂಬತ್ತು ವರ್ಷವಾಗಿತ್ತು.

ಅವರು ಹುನಗುಂದದ ಕಚೇರಿಯಿಂದ ಬರುತ್ತಿದ್ದ ಗ್ರಾಮಸೇವಿಕೆ. ಹೊಲಿಗೆ, ಕೈತೋಟ, ಹೊಗೆಯಿಲ್ಲದ ಒಲೆ, ಇವನ್ನು ಹಳ್ಳಿಯ ಹೆಂಗಸರಿಗೆ ಕಲಿಸುವುದು ಅವರ ನೌಕರಿ. ಇಳಕಲ್ಲಿಗೆ ಎರಡು ಹರದಾರಿ ದೂರದ ನಮ್ಮ ಊರಿಗೆ ಮಂಗಳವಾರದ ಪಾಳಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಿಮ್ಮಪ್ಪ ಆಗ ಸಾಲಿಗೆ ಹೋಗುತ್ತಿದ್ದ.

ನನ್ನ ಅತ್ತೆಗೆ ಲಕ್ವಾ ಹೊಡೆದು ಮೂರು ವರ್ಷವಾಗಿತ್ತು. ಉಣಿಸುವುದು, ತೊಳೆಯುವುದು, ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವುದು ನನ್ನ ಪಾಲಿಗಿತ್ತು. ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತಿತ್ತು. ನಿಮ್ಮ ಅಜ್ಜ ಅದೇ ಪಡಸಾಲೆಯಲ್ಲಿ ಮಗ್ಗದ ಕುಣಿಯೊಳಗೆ ಕೂತು ಸೀರೆ ನೇಯುತ್ತಿದ್ದರು. ಹಾಸಿಗೆಗೂ ಮಗ್ಗಕ್ಕೂ ಆರು ಮೊಳ. ತಾಯಿಯ ಮೇಲೆ ಅವರಿಗೆ ಬಹಳ ಪ್ರೀತಿ. ದಿನಕ್ಕೆರಡು ಸಲ “ಅವ್ವ ಹೆಂಗದಾಳ?” ಎಂದು ನನ್ನನ್ನು ಕೇಳುತ್ತಿದ್ದರು.

ಸುಶೀಲಾಬಾಯಿ ಮೊದಲ ಸಲ ಬಂದದ್ದು ಒಲೆಯ ವಿಷಯ ಹೇಳಲು. ನನ್ನ ಮುಖ ನೋಡಿ ಒಲೆಯ ಮಾತು ಬಿಟ್ಟರು.

“ಮನಿ ಬಿಟ್ಟು ಹೊರಗ ಹೋಗಿ ಎಷ್ಟ ದಿನಾ ಆತು?”

“ನೀರಿಗೆ ಹೋಗತೇನಲ್ರಿ.”

“ನೀರು ಬಿಟ್ಟು.”

ನನಗೆ ನೆನಪಾಗಲಿಲ್ಲ. “ಹಂಗಾರ ಈಗ ಹೋಗು. ಐದಕ್ಕ ಬಾ. ಇಲ್ಲಿ ನಾ ಅದೇನಿ” ಎಂದು ಅವರು ಹಾಸಿಗೆಯ ಪಕ್ಕ ಕೂತುಬಿಟ್ಟರು.

ಎಲ್ಲಿಗೆ ಹೋಗುವುದೆಂದು ತಿಳಿಯದೆ ನಾನು ಮನೆಯ ಹಿಂದೆ ಗೋಡೆಗೆ ಒರಗಿ ಕೂತೆ. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಮಾತು ಬಂತು: “ತಂಗಿ, ಗ್ವಾಡಿ ಹಿಂದ ಕುಂತ್ರ ಹೊರಗ ಹೋದಂಗ ಅಲ್ಲ.” ಮುಂದಿನ ವಾರ ಗೆಳತಿ ಕಾಶವ್ವನ ಮನೆಗೆ ಹೋದೆ. ಅವಳು ಚಹಾ ತರುವಷ್ಟರಲ್ಲಿ ನಿದ್ದೆ ಹೋಗಿದ್ದೆ. ಎಬ್ಬಿಸಿದಾಗ ಐದಾಗಿತ್ತು. “ಭಾಳ ಛಲೋ ಮಾತಾಡಿದಿ ನೋಡವಾ” ಎಂದಳು.

ಅತ್ತೆಗೆ ಉಳಿದಿದ್ದ ಮಾತು ಒಂದೇ, “ಬ್ಯಾಡ.” ಸುಶೀಲಾಬಾಯಿ ಅತ್ತೆಯ ತಲೆ ಬಾಚುತ್ತ ಒಲೆಯ ಸರಕಾರಿ ಕರಪತ್ರವನ್ನು ಗಟ್ಟಿಯಾಗಿ ಓದುತ್ತಿದ್ದರು. ಅತ್ತೆ “ಬ್ಯಾಡ” ಎಂದರೆ, “ನನಗೂ ಬ್ಯಾಡಾಗೇತಿ ಯವ್ವಾ. ಆದ್ರ ಎಲ್ಲಾರಿಗೂ ಓದಿ ಹೇಳಬೇಕಂತ ಬರದಾರ” ಎಂದು ಮುಂದುವರಿಸುತ್ತಿದ್ದರು. ನಮ್ಮ ಊರಿನಲ್ಲಿ ಆ ಕರಪತ್ರವನ್ನು ಪೂರ್ತಿ ಕೇಳಿದವರು ಅತ್ತೆ ಒಬ್ಬರೇ ಇರಬೇಕು.

ಸುಶೀಲಾಬಾಯಿಯ ರಜಿಸ್ಟರಿನಲ್ಲಿ ಎಲ್ಲದಕ್ಕೂ ಕಾಲಮ್ ಇತ್ತು. ಹೊಲಿಗೆಗೆ ಇತ್ತು, ಬಾಣಂತಿಗೆ ಇತ್ತು, ಕೋಳಿಗೂ ಇತ್ತು. “ರೋಗಿಗೆ ಐತಿ. ರೋಗಿನ್ನ ನೋಡಿಕೊಳ್ಳಾಕಿಗೆ ಇಲ್ಲ. ಇದನ್ನ ಮ್ಯಾಲಿನವ್ರಿಗೆ ಮೂರು ಸಲ ಬರದೇನಿ” ಎನ್ನುತ್ತ, ಕೊನೆಯ ‘ಇತರೆ’ ಎಂಬಲ್ಲಿ ಬರೆಯುತ್ತಿದ್ದರು: ರೋಗಿಯ ಸೇವೆ ಮಾಡುವವಳಿಗೆ ಬಿಡುವು, ಎರಡು ತಾಸು. ಹೀಗೆ ವರ್ಷದ ಮೇಲೆ ನಾನು ಸರಕಾರದ ಲೆಕ್ಕದಲ್ಲಿ ‘ಇತರೆ’ಯಾಗಿದ್ದೆ.

ಒಂದು ಮಂಗಳವಾರ, ನಾನು ಹೊರಗೆ ಹೋಗುವ ಮೊದಲೇ, ಬಾಗಲಕೋಟೆಯಿಂದ ಸಾಹೇಬರೊಬ್ಬರು ಜೀಪಿನಲ್ಲಿ ತಪಾಸಣೆಗೆ ಬಂದರು. ಪಡಸಾಲೆಯಲ್ಲೇ ನಿಂತು ರಜಿಸ್ಟರು ತಿರುವಿ ‘ಇತರೆ’ಯ ಮೇಲೆ ಬೆರಳಿಟ್ಟರು.

“ಇದು ಯಾವ ಯೋಜನೆ?”

“ಯಾವ ಯೋಜನೆದಾಗೂ ಇಲ್ರಿ ಸಾಹೇಬ್ರ. ಇರಬೇಕಾಗಿತ್ತು.”

ಸಾಹೇಬರು ನನ್ನ ಕಡೆ ತಿರುಗಿದರು. “ದಿನಾಲು ನೀನು ಏನು ಕೆಲಸ ಮಾಡುತ್ತೀಯಮ್ಮಾ?”

ಅಂಥವರ ಮುಂದೆ ನಾನು ಅದುವರೆಗೆ ಬಾಯಿ ತೆರೆದಿರಲಿಲ್ಲ. ನನ್ನ ಕೆಲಸವನ್ನು ನಾನೇ ಹೇಳಿಕೊಳ್ಳುವುದು, ಅದೂ ಅತ್ತೆ ಕೇಳುವ ಹಾಗೆ, ಸೊಸೆಯಾದವಳಿಗೆ ಸಲ್ಲದು ಎಂದುಕೊಂಡೆ. ಸೆರಗು ಎಳೆದುಕೊಂಡು ಹೇಳಿದೆ: “ಏನೂ ಇಲ್ರಿ. ಮನ್ಯಾಗ ಇರತೇನ್ರಿ.”

“ಕೆಲಸವೇ ಇಲ್ಲದವರಿಗೆ ಬಿಡುವು ಯಾಕೆ?” ಎಂದು ಸಾಹೇಬರು ಕೆಂಪು ಶಾಯಿಯಲ್ಲಿ ಏನೋ ಬರೆದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು.

ಸುಶೀಲಾಬಾಯಿ ನನ್ನನ್ನು ನೋಡಿದರು, ಬಯ್ಯಲಿಲ್ಲ. “ಆಕಿ ಏನೂ ಮಾಡೂದಿಲ್ಲಂತರಿ. ಆಕಿ ಏನೂ ಮಾಡದ್ದನ್ನ ನೀವು ಒಂದ ದಿನಾ ಇಲ್ಲೇ ಕುಂತು ಮಾಡಿ ನೋಡ್ರಿ ಸಾಹೇಬ್ರ” ಎಂದರು. ಸಾಹೇಬರಿಗೆ ಸಂಜೆಯೊಳಗೆ ಬಾದಾಮಿ ಮುಟ್ಟಬೇಕಿತ್ತು.

ತಿಂಗಳೊಳಗೆ ಸುಶೀಲಾಬಾಯಿಯ ವರ್ಗದ ಆದೇಶ ಬಂತು. ಶಿವಯೋಗ ಮಂದಿರದ ಕಡೆಯ ಯಾವುದೋ ಹಳ್ಳಿಗಳು. ವರ್ಗವಾದದ್ದು ನನಗೆ ಗೊತ್ತಿರಲಿಲ್ಲ. ಕೊನೆಯ ಮಂಗಳವಾರವೂ ಎಂದಿನಂತೆ ನನ್ನನ್ನು ಹೊರಗೆ ಹಾಕಿದರು. ಐದಕ್ಕೆ ಬಂದಾಗ ಮಗ್ಗದ ಸದ್ದಿರಲಿಲ್ಲ. ನಿಮ್ಮ ಅಜ್ಜ ಹಾಸಿಗೆಯ ಒಂದು ಬದಿಗೆ, ಸುಶೀಲಾಬಾಯಿ ಇನ್ನೊಂದು ಬದಿಗೆ.

“ಹೆಗಲಿಗೆ ಒಂದ ಕೈ, ಟೊಂಕಕ್ಕ ಒಂದ ಕೈ. ಹಗೂರ. ರೇಶಿಮಿ ಎಳಿ ಹರೀದಂಗ ಹಿಡಿತಿ, ಹೆತ್ತವ್ವನ್ನ ಹಿಡಿಯಾಕ ಬರೂದಿಲ್ಲೇನ?”

“ಇದು ಹೆಣಮಕ್ಕಳ ಕೆಲಸ ಅಲ್ಲೇನ್ರಿ ಬಾಯಾರ?” ಎಂದರು ಅಜ್ಜ.

“ಆಕಿ ಬೆನ್ನಿಗೆ ಅದು ಗೊತ್ತಾಗೂದಿಲ್ಲ.”

ಆಮೇಲೆ ರಜಿಸ್ಟರಿನಲ್ಲಿ ‘ತರಬೇತಿ ಪಡೆದವರು: ಒಬ್ಬರು’ ಎಂದು ಬರೆದು ಅಜ್ಜನ ಸಹಿ ತೆಗೆದುಕೊಂಡರು. ಅಂಗಳದಲ್ಲಿ ನನಗೆ ವರ್ಗವಾದದ್ದು ಹೇಳಿದರು.

“ನಾ ಆವತ್ತ ಏನೂ ಇಲ್ಲ ಅನ್ನಬಾರದಿತ್ರಿ” ಎಂದೆ.

“ಹೂಂ, ಅನ್ನಬಾರದಿತ್ತು” ಎಂದರು. “ಮುಂದ ಯಾರರೆ ಕೇಳಿದ್ರ ಮಾಡಿದ್ದೆಲ್ಲಾ ಹೇಳು. ನಾಚಿಕಿ ಆಮ್ಯಾಲೆ ಪಡು.” ಬಸ್ಸಿನ ಹಾರ್ನು ಕೇಳಿತು. ಹೋದರು. ಮತ್ತೆ ಅವರನ್ನು ನಾನು ನೋಡಲಿಲ್ಲ. ಅವರಿಗೆ ಬರೆಯಲು ವಿಳಾಸವೂ ಇರಲಿಲ್ಲ.

ಮುಂದಿನ ಮಂಗಳವಾರ ಮೂರು ಗಂಟೆಗೆ ಅತ್ತೆಯನ್ನು ಬಲಮಗ್ಗಲಿಗೆ ಮಲಗಿಸಿ, ಅಲ್ಲೇ ಕೂತೆ. ಮಗ್ಗ ನಿಂತಿತು. ಎಳೆ ಹರಿಯಿತೇನೋ ಅಂದುಕೊಂಡೆ. ಅಜ್ಜ ಕುಣಿಯಿಂದ ಮೇಲೆ ಬಂದು, ಕೈ ತೊಳೆದು, ನನ್ನನ್ನು ನೋಡದೆ “ಹೋಗು” ಎಂದರು. “ಲಗೂ ಬಾ ಮತ್ತ. ಸೀರಿ ಅರ್ಧಾ ಐತಿ.”

ನಾನು ಬಸ್ಸು ನಿಲ್ಲುವ ಬೇವಿನ ಗಿಡದ ಕೆಳಗೆ ಹೋಗಿ ಕೂತೆ. ಹುನಗುಂದದ ಬಸ್ಸು ಬಂತು. ಮೇವಿನ ಸಿವುಡು ಹೊತ್ತ ಇಬ್ಬರು ಇಳಿದರು, ಬಸ್ಸು ಹೋಯಿತು. ಲಗೂ ಹೋಗಬೇಕೆಂದು ಎರಡು ಸಲ ಎದ್ದು, ಎರಡು ಸಲವೂ ಕೂತೆ. ಐದಕ್ಕೆ ಮನೆಗೆ ಬಂದೆ. ಮಗ್ಗ ನಡೆದಿತ್ತು. ಅಜ್ಜ ತಲೆ ಎತ್ತಲಿಲ್ಲ.

ಅತ್ತೆ ಎಡಮಗ್ಗಲಿಗೆ ಮಲಗಿದ್ದರು.