ಮಡಿಸಿಟ್ಟ ಆರು ಹೊದಿಕೆ

ಮಾನಸಿಕ ರೋಗಿಗಳ ವಾರ್ಡಿನಲ್ಲಿ ನಾನಿದ್ದದ್ದು ಹತ್ತೊಂಬತ್ತು ದಿನ. ಅಲ್ಲಿಯ ಆಯಾ ಬನಹಟ್ಟಿಯ ನೇಕಾರರ ಮನೆಯವರು. ದಿನಾ ಬೆಳಿಗ್ಗೆ ಅಂಗಾಲು ತಟ್ಟಿ, "ಏಳ ತಂಗೀ, ಬಿಸಲಿಗೆ ಹೋಗೂಣು" ಎಂದು ನಮ್ಮ ಆರೂ ಮಂದಿಯನ್ನು ಅಂಗಳಕ್ಕೆ ಕರೆದೊಯ್ಯುತ್ತಿದ್ದರು. ಹೊರಡುವ ಮುನ್ನ ಹೊದಿಕೆಗಳನ್ನು ಹೊಸ ಸೀರೆಯಂತೆ ಮಡಿಸಿಡುತ್ತಿದ್ದರು.

ಹನ್ನೆರಡನೆಯ ದಿನ, ವಾರ್ಡಿನ ಹಾಸಿಗೆಗಳನ್ನು ಕಡಿಮೆ ಮಾಡಲು ಲೆಕ್ಕಕ್ಕೆ ಬಂದ ಅಧಿಕಾರಿ ಆ ಅಚ್ಚುಕಟ್ಟು ನೋಡಿ, "ಆರೂ ಖಾಲಿ" ಎಂದು ಬರೆದುಕೊಂಡರು.

"ಖಾಲಿ ಅಲ್ರೀ ಸಾಹೇಬ್ರ, ಎದ್ದಾರ!" ಆಯಾ ಅವರ ಬೆನ್ನು ಹತ್ತಿದರು.

"ಎದ್ದ ಅಡ್ಡಾಡೋರಿಗೆ ಹಾಸಿಗಿ ಯಾಕ ಬೇ?" ಅಧಿಕಾರಿ ನಕ್ಕರು. "ನಾಳಿ ಮತ್ತ ಬಂದ ನೋಡ್ತೇನಿ."

ಮರುದಿನ ಆಯಾ ನನ್ನ ಹೊದಿಕೆಯನ್ನು ಕತ್ತಿನವರೆಗೆ ಎಳೆದರು. "ಇವತ್ತ ಏಳಬ್ಯಾಡ, ತಂಗೀ."

ಯಾರೂ ಎಬ್ಬಿಸದೆ ನನಗೆ ಏಳಬೇಕೆನಿಸಿದ ಮೊದಲ ಬೆಳಗು ಅದು. ಕಣ್ಣು ಮುಚ್ಚಿ ಮಲಗಿದೆ.