ಟೆರೇಸಿಗೆ ಬಿಳಿ ಬಣ್ಣ, ಹಪ್ಪಳಕ್ಕೆ ಕರಿ ಟರ್ಪಾಲು

ನಮ್ಮ ಹಳೇ ಹೆಂಚಿನ ಮನೆ ತಂಪಾಗಿತ್ತು ಎಂದು ಈಗ ಎಲ್ಲರೂ ಹೇಳುತ್ತಾರೆ. ತಂಪು ಹೌದು. ಇಲಿಗಳಿಗೂ ಹಾಗೆಯೇ ಅನಿಸಿರಬೇಕು, ಬಿಟ್ಟು ಹೋಗಲೇ ಇಲ್ಲ. ಅದನ್ನು ಮಾರಿ ದೇರೆಬೈಲಿನಲ್ಲಿ ಫ್ಲ್ಯಾಟು ತೆಗೆದುಕೊಂಡದ್ದಕ್ಕೆ ನನಗೆ ಬೇಸರವಿಲ್ಲ. ಬೇಸರ ಇರುವುದು ಎಲ್ಲಕ್ಕಿಂತ ಮೇಲಿನ ಮಾಳಿಗೆಯನ್ನೇ ಆರಿಸಿದ್ದಕ್ಕೆ. ಆರಿಸಿದ್ದು ದೊಡ್ಡ ಮಗಳ ಗಂಡ. "ನಮ್ಮ ತಲೆ ಮೇಲೆ ಯಾರೂ ನಡೀಬಾರದು ಮಾಮಿ" ಎಂದಿದ್ದ. ಯಾರೂ ನಡೆಯಲಿಲ್ಲ, ನಿಜ. ಬೆಳಿಗ್ಗೆ ಬಂದು ಕುಳಿತ ಸೂರ್ಯ ಮಾತ್ರ ಸಂಜೆಯವರೆಗೆ ಏಳುತ್ತಿರಲಿಲ್ಲ.

ಬೇಸಿಗೆ ಬಂತೆಂದರೆ ನನ್ನ ಕೋಣೆಯ ಸ್ಲ್ಯಾಬು ಕಾದ ಕಾವಲಿ. ಫ್ಯಾನು ಮೇಲಿನ ಬಿಸಿಯನ್ನು ನನ್ನ ಮುಖಕ್ಕೆ ತಲುಪಿಸುವ ಕೆಲಸವನ್ನು ಚೆನ್ನಾಗಿ ಮಾಡುತ್ತಿತ್ತು. ದೊಡ್ಡ ಮಗಳು ನನ್ನ ಜೊತೆಗಿದ್ದಾಳೆ, ಅಳಿಯ ಇರುವುದು ಗಲ್ಫಿನಲ್ಲಿ. ಅಲ್ಲಿನ ಕಟ್ಟಡಗಳ ಒಳಗೆ ಬಿಸಿ ಬಾರದ ಹಾಗೆ ಗೋಡೆಗೆ, ಮಾಡಿಗೆ ದಪ್ಪ ಫೋಮು ಹಾಕಿಸುವುದೇ ಅವನ ಉದ್ಯೋಗ. ಸ್ವಂತ ಮನೆಗೆ ಅವನು ಹೇಳಿದ ಮದ್ದು ಎಸಿ.

ನನಗೆ ಎಸಿ ಆಗುವುದಿಲ್ಲ. ಒಮ್ಮೆ ಮಗಳ ಕೋಣೆಯ ಎಸಿಯಲ್ಲಿ ಮಲಗಿ ಎದ್ದಾಗ ಮೊಣಕಾಲು ನನ್ನ ಮಾತು ಕೇಳಲಿಲ್ಲ. ಸಾಲದ್ದಕ್ಕೆ, ಬಿಲ್ಡಿಂಗಿನವರೆಲ್ಲ ಒಟ್ಟಿಗೆ ಎಸಿ ಹಾಕಿದ ಮಧ್ಯಾಹ್ನವೇ ಕರೆಂಟು ಹೋಗುತ್ತದೆ.

"ಎಸಿ ಬೇಡ ಅಂದ್ರೆ ಮಳೆ ಬರುವವರೆಗೆ ಉರ್ವದಲ್ಲಿ ತಂಗಿ ಮನೆಯಲ್ಲಿ ಇರಿ ಅಮ್ಮ. ಅವಳದ್ದು ಗ್ರೌಂಡ್ ಫ್ಲೋರ್" ಎಂದಳು ಮಗಳು.

ಉರ್ವದಲ್ಲಿ ಚಿಕ್ಕ ಮಗಳ ಅತ್ತೆ ಇದ್ದಾರೆ. ಒಳ್ಳೆಯ ಹೆಂಗಸು. ಆದರೆ ಅವರ ಆಪರೇಶನ್ನಿನ ಕಥೆ ಕೇಳುವುದಕ್ಕಿಂತ ಬೆವರುವುದು ಲೇಸು. ನನ್ನ ಕೋಣೆಯಲ್ಲೇ, ಎಸಿ ಇಲ್ಲದೆ ಮಲಗಬೇಕು. ನನ್ನ ಹಟ ಇಷ್ಟೇ.

ಅಳಿಯನನ್ನು ಫೋನಿನಲ್ಲಿ ಹಿಡಿದೆ. "ಎಸಿ ಬಿಟ್ಟು ಬೇರೆ ಎಂತ ಉಂಟು, ಅದನ್ನು ಹೇಳು."

"ಫೋಮೆಲ್ಲ ದೊಡ್ಡ ಕೆಲಸ ಮಾಮಿ. ಟೆರೇಸಿಗೆ ಬಿಳಿ ಪೇಂಟ್ ಹೊಡೆದ್ರೂ ಬಿಸಿ ಕಡಿಮೆ ಆಗ್ತದೆ."

"ಅದನ್ನು ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?"

"ಎಸಿ ಆದ್ರೆ ಮೊಬೈಲಿನಲ್ಲೇ ಬುಕ್ ಮಾಡಬಹುದು. ಪೇಂಟಿಗೆ ಮೀಟಿಂಗ್ ಆಗ್ಬೇಕು."

ಅವನು ಹೇಳಿದ್ದು ಸುಳ್ಳಲ್ಲ. ಮೀಟಿಂಗ್ ಆಯಿತು. ಗೇಟಿನ ಎದುರು ಕಾರು ನಿಲ್ಲುವ ಪೋರ್ಟಿಕೋದ ಒಂದು ಬದಿಗೆ ಗೋಡೆ ಕಟ್ಟಿ ಅಸೋಸಿಯೇಶನ್ ಆಫೀಸು ಮಾಡಿದ್ದಾರೆ. ಅಲ್ಲಿ ಎಸಿಯ ಕೆಳಗೆ ಅಧ್ಯಕ್ಷರು ಕುಳಿತಿದ್ದರು.

"ಟೆರೇಸ್ ಎಲ್ಲರದ್ದು ಅಮ್ಮ. ಬಿಸಿ ನಿಮಗೊಬ್ಬರಿಗೆ" ಎಂದರು.

"ಬಿಸಿಯನ್ನೂ ಎಲ್ಲರಿಗೆ ಹಂಚಿದ್ರೆ ನಾನು ಯಾಕೆ ಇಲ್ಲಿಗೆ ಬರ್ತಿದ್ದೆ?"

"ಮತ್ತೆ ಬಿಲ್ಡಿಂಗಿನ ಎಲಿವೇಶನ್ ಹಾಳಾಗ್ತದಲ್ಲ?"

ಎಲಿವೇಶನ್ ಎಂದರೆ ಎದುರಿನಿಂದ ಕಾಣುವ ಅಂದವಂತೆ. "ಟೆರೇಸಿನ ಅಂದ ನೋಡ್ಲಿಕ್ಕೆ ಯಾರು ಬರ್ತಾರೆ ಮಾರಾಯ್ರೆ, ಕಾಗೆಯಾ?" ಎಂದೆ. ಎಲ್ಲರೂ ನಕ್ಕರು, ಅವರೊಬ್ಬರು ನಗಲಿಲ್ಲ.

"ಅಷ್ಟು ಬಿಸಿ ಆದ್ರೆ ಎಸಿ ಹಾಕಿ ಅಮ್ಮ" ಎಂದರು.

ಕಡೆಗೆ ನಮ್ಮ ಖರ್ಚಿನಲ್ಲಿ, ನಮ್ಮ ತಲೆಯ ಮೇಲಿನಷ್ಟು ಜಾಗಕ್ಕೆ ಮಾತ್ರ ಹೊಡೆಸಿಕೊಳ್ಳಿ ಎಂದಾಯಿತು. ಹೊಡೆಸಿದೆವು. ಕೋಣೆ ಸ್ವರ್ಗವೇನೂ ಆಗಲಿಲ್ಲ. ನಿದ್ದೆ ಬಂತು, ನನಗೆ ಅಷ್ಟು ಸಾಕು.

ಅಷ್ಟರಲ್ಲಿ ಹಲಸಿನಕಾಯಿ ಬಲಿಯಿತು. ಮನೆ ಮನೆಯಲ್ಲಿ ಹಪ್ಪಳದ ಕೆಲಸ. ನನ್ನ ಕೋಣೆ ಮತ್ತೆ ಕಾವಲಿಯಾಯಿತು. ಪೇಂಟು ಮೋಸದ್ದು ಎಂದು ಅಳಿಯನಿಗೆ ಬೈಯಲು ಮಾತು ಜೋಡಿಸಿಕೊಂಡು, ಮೊಣಕಾಲು ಹಿಡಿದು ಮೇಲೆ ಹತ್ತಿ ನೋಡಿದರೆ ಬಿಳಿ ಎಲ್ಲಿದೆ? ಈ ಗೋಡೆಯಿಂದ ಆ ಗೋಡೆಗೆ ಕರಿ ಟರ್ಪಾಲು, ಅದರ ಮೇಲೆ ಸಾಲು ಸಾಲು ಹಪ್ಪಳ.

ಎರಡನೇ ಮಾಳಿಗೆಯವಳು ಹಪ್ಪಳ ಮಗುಚುತ್ತಾ, "ನಿಮ್ಮ ಬಿಳಿ ನೆಲ ಕಾಯುದೇ ಇಲ್ಲ ಅಜ್ಜಿ. ಹಪ್ಪಳದ ಅಡಿ ಹಸಿ ಇರ್ತದೆ. ಅದಕ್ಕೆ ಟರ್ಪಾಲು" ಎಂದಳು.

"ಬೇರೆ ಜಾಗ ಇಲ್ವಾ ನಿಮಗೆ?"

"ಆಚೆ ಟಾಂಕಿಯ ನೆರಳು. ಮತ್ತೆ ಇಲ್ಲಿ ನೆಲ ಕ್ಲೀನ್ ಉಂಟಲ್ಲ, ಹೊಸ ಪೇಂಟ್!"

"ಈ ದೊಡ್ಡ ಸಾಲು ಯಾರದ್ದು?"

ಅವಳು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ನಿಮ್ಮದೇ ಅಜ್ಜಿ. ಟರ್ಪಾಲು ಸಹ ನಿಮ್ಮ ಮಗಳದ್ದೇ."

ಕೆಳಗೆ ಬಂದು ಮಗಳಿಗೆ ಬೈದೆ. "ಹಾಗಾದ್ರೆ ಮಳೆಗಾಲದಲ್ಲಿ ಗಂಜಿಗೆ ಹಪ್ಪಳ ಬೇಡ್ವಾ ನಿಮಗೆ?" ಎಂದಳು. ಬೇಡ ಎನ್ನಲು ನನ್ನ ಬಾಯಿ ಒಪ್ಪಲಿಲ್ಲ.

ಹಪ್ಪಳವೂ ಬೇಕು, ನಿದ್ದೆಯೂ ಬೇಕು. ಹಾಗಾದರೆ ಕರಿ ಟರ್ಪಾಲು ಇನ್ನೊಬ್ಬರ ತಲೆಯ ಮೇಲೆ ಇರಬೇಕು, ಬಿಸಿಯನ್ನು ಲೆಕ್ಕಕ್ಕೇ ಇಡದವರ ತಲೆಯ ಮೇಲೆ. ಮರುದಿನ ಬೆಳಿಗ್ಗೆ ಟರ್ಪಾಲು ಮಡಚಿ ಲಿಫ್ಟಿನಲ್ಲಿ ಇಳಿಸಿದೆ. ಮೊದಲ ಮಾಳಿಗೆಯ ಮೆಟ್ಟಿಲ ಹತ್ತಿರ ಪೋರ್ಟಿಕೋದ ಮೇಲೆ ಹೋಗಲು ಒಂದು ಬಾಗಿಲಿದೆ. ಅದರಿಂದ ಹೋಗಿ, ಕೆಳಗೆ ಆಫೀಸಿರುವ ಬದಿಗೇ ಹಾಸಿದೆ. ಅಲ್ಲಿ ನೆರಳು ಕೊಡುವ ಟಾಂಕಿಯಿಲ್ಲ, ಕಾಗೆ ಓಡಿಸಲು ಕೆಳಗೇ ವಾಚ್‌ಮ್ಯಾನ್. ನನ್ನ ಹಪ್ಪಳ ಗರಿಗರಿಯಾದದ್ದು ನೋಡಿ ಉಳಿದವರೂ ಅಲ್ಲಿಗೇ ಬಂದರು.

ಎರಡು ದಿನ ಕಳೆದು ಅಧ್ಯಕ್ಷರು ಆ ಬಾಗಿಲಲ್ಲಿ ತಲೆ ಹಾಕಿದರು. "ಎಂತ ಅಮ್ಮ ಇದು? ಆಫೀಸಿನಲ್ಲಿ ಕೂರ್ಲಿಕ್ಕೆ ಆಗುದಿಲ್ಲ. ಎಸಿ ಹಾಕಿದ್ರೂ ಬೆವರು!"

"ಅಷ್ಟು ಬಿಸಿ ಆದ್ರೆ ಇನ್ನೊಂದು ಎಸಿ ಹಾಕಿ."

ಅವರು ಹಪ್ಪಳದ ಸಾಲು ದಾಟಿ ಹತ್ತಿರ ಬಂದರು. ಮತ್ತೆ ಸ್ವರ ತಗ್ಗಿಸಿ ಕೇಳಿದರು, "ಆ ಬಿಳಿ ಪೇಂಟ್ ಎಲ್ಲಿಂದ ತಂದದ್ದು?"

"ಹೇಳ್ತೇನೆ. ಆದರೆ ಇದು ಎದುರಿಗೇ ಕಾಣುವ ಜಾಗ. ಎಲಿವೇಶನ್ ಉಂಟಲ್ಲ? ಮೀಟಿಂಗ್ ಆಗ್ಬೇಕು."

ಮೀಟಿಂಗಿಗೆ ಜನ ಕೂಡುವಷ್ಟರಲ್ಲಿ ಮಳೆ ಬಂತು. ಹಪ್ಪಳ ಡಬ್ಬ ಸೇರಿತ್ತು. ಈ ಬೇಸಿಗೆಗೆ ಯಾಕೆ ಬರಲಿಲ್ಲ ಎಂದು ಉರ್ವದ ಬೀಗಿತ್ತಿ ಫೋನ್ ಮಾಡಿದರು. ಹಪ್ಪಳ ಕಾಯಲಿಕ್ಕಿತ್ತು ಎಂದೆ.